ಮೂರಿಯಾದ ದೋಣಿಯಣ್ಣನಿಗೆ

ಪೆಸಿಫಿಕ್ ಸಾಗರದ ಮೂರಿಯಾ ದ್ವೀಪದ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದೊಳಗಿನ ಶಾಂತ ಕಡಲಿನಲ್ಲಿ, ನಾನಿದ್ದ ಕಡೆ ನೀರು ಎದೆಮಟ್ಟ ಅಷ್ಟೇ. ಆದರೂ ಮುಖ ನೀರಲ್ಲಿಟ್ಟು ಉಸಿರಾಡುವ ಸ್ನಾರ್ಕೆಲ್ ಕೊಳವೆಗೆ ಉಪ್ಪುನೀರು ನುಗ್ಗಿದ್ದೇ ತಡ, ಉಸಿರೇ ಸಿಗಲಿಲ್ಲ. ಎದ್ದು ನಿಲ್ಲಬಹುದು ಅನ್ನೋದೂ ಮರೆತುಹೋಯಿತು. ನೀವು ದೋಣಿಯಿಂದ ಜಿಗಿದು ಬಂದಿರಿ. ಬೈಯಲಿಲ್ಲ, ನಗಲಿಲ್ಲ. ನನ್ನ ಅಂಗೈಯನ್ನು ನಿಮ್ಮ ಭುಜದ ಹಚ್ಚೆಯ ಮೇಲಿಟ್ಟು, ನೀವೇ ನಿಧಾನಕ್ಕೆ ಉಸಿರೆಳೆದು ತೋರಿಸಿದಿರಿ. ಐದಾರು ಉಸಿರಿಗೆ ನನ್ನ ಕಾಲು ಮರಳಿಗೆ ತಾಗಿತು.

ಮಧ್ಯಾಹ್ನ ಎಲ್ಲರಿಗೂ ನಿಂಬೆರಸ, ತೆಂಗಿನಹಾಲು ಬೆರೆಸಿದ ಹಸಿ ಟ್ಯೂನಾ ಮೀನು. ನಾನು ಸಸ್ಯಾಹಾರಿ ಅಂತ ಬೆಳಿಗ್ಗೆ ಸುಮ್ನೆ ಒಮ್ಮೆ ಹೇಳಿದ್ದೆ. ನೀವು ಕೆಂಡದಲ್ಲಿ ಸುಟ್ಟ ‘ಉರು’ವಿನ ಕರಿ ಸಿಪ್ಪೆ ಕೆರೆದು, ಎಲೆಯ ಮೇಲಿಟ್ಟು ತಂದಿರಿ. ನಮ್ಮ ಮಂಗಳೂರಿನ ಜೀಗುಜ್ಜೆಯೇ ಅಲ್ವಾ ಅದು! ಮೇಲೆ ಆಗತಾನೇ ತುರಿದ ಕಾಯಿ.

ಹೆಸರು ಕೇಳೋದಕ್ಕೇ ಮರೆತೆ. ನಿಮ್ಮ ಮಾತಿನಲ್ಲೇ ಧನ್ಯವಾದ ಹೇಳುತ್ತೇನೆ: ಮೌರುರು, ಅಣ್ಣಾ.