ಮಳೆಗಾಲಕ್ಕೆ ಶನಿಯ ಚಿತ್ರಗಳು

ಸದಸ್ಯರೆಲ್ಲರಿಗೂ ನಮಸ್ಕಾರ.

ಕೊಡಗಿನ ಜೋರು ಮಳೆಯ ತಿಂಗಳಾದ ಕಕ್ಕಡ ಕಳೆಯುವವರೆಗೆ ಮಡಿಕೇರಿಯಲ್ಲಿ ನಕ್ಷತ್ರ ನೋಡುವ ಆಸೆ ಬೇಡ. ದೂರದರ್ಶಕಗಳಿಗೆ ಬೂಷ್ಟು ಹಿಡಿಯದಂತೆ ಒಣಜಾಗದಲ್ಲಿಡಿ. ಅಲ್ಲಿಯವರೆಗೆ, ಕ್ಯಾಸಿನಿ ನೌಕೆ 2004ರಿಂದ 2017ರವರೆಗೆ ಶನಿಯನ್ನು ಸುತ್ತುತ್ತ ತೆಗೆದ ಚಿತ್ರಗಳನ್ನು ಸಂಸ್ಕರಿಸೋಣ. ನಾಸಾ ಅವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ.

ಕ್ಯಾಸಿನಿಯ ಕ್ಯಾಮೆರಾ ತೆಗೆದದ್ದೆಲ್ಲ ಕಪ್ಪು ಬಿಳುಪು. ಕೆಂಪು, ಹಸಿರು, ನೀಲಿ ಶೋಧಕಗಳ (ಫಿಲ್ಟರ್) ಮೂಲಕ ಒಂದರ ಹಿಂದೊಂದು ತೆಗೆದ ಮೂರು ಚಿತ್ರಗಳನ್ನು ಸೇರಿಸಿದಾಗಲೇ ಬಣ್ಣ ಮೂಡುತ್ತದೆ. ಅಷ್ಟರಲ್ಲಿ ಶನಿಯ ಉಪಗ್ರಹ ಎನ್ಸೆಲಾಡಸ್ ಸರಿದಿರುತ್ತದೆ. ಉಂಗುರಗಳು ಸರಿಯಾಗಿ ಕೂತರೂ ಎನ್ಸೆಲಾಡಸ್‌ನ ಅಂಚಿಗೆ ಕೆಂಪು, ನೀಲಿ ಗೆರೆ ಬರುತ್ತದೆ. ಹಾಗಾಗಿ ಉಪಗ್ರಹವನ್ನು ಬೇರೆಯಾಗಿಯೇ ಹೊಂದಿಸಿ. ಅದರ ದಕ್ಷಿಣ ಧ್ರುವದಿಂದ ಚಿಮ್ಮುವ ಹಿಮದ ಕಣಗಳು ಕಾಣಬೇಕಾದರೆ ಸೂರ್ಯ ಉಪಗ್ರಹದ ಹಿಂಬದಿಯಲ್ಲಿರುವ ಚಿತ್ರವನ್ನೇ ಆರಿಸಿ. ನಾನು ಮೊದಲ ಸಲ ಕಂಡಾಗ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಬಿಳಿಚುಕ್ಕೆಗಳೆಲ್ಲ ನಕ್ಷತ್ರಗಳಲ್ಲ. ಮೂರರಲ್ಲಿ ಒಂದೇ ಚಿತ್ರದಲ್ಲಿ ಕಾಣುವಂಥವು ಹೆಚ್ಚಾಗಿ ಕ್ಯಾಮೆರಾಗೆ ಕಾಸ್ಮಿಕ್ ಕಿರಣ (ಬಾಹ್ಯಾಕಾಶದಿಂದ ಬರುವ ವೇಗದ ಕಣ) ಬಡಿದ ಗುರುತುಗಳು, ಅಳಿಸಬಹುದು.

ಬಣ್ಣ ಹೆಚ್ಚಿಸಿದ್ದರೆ ದಯವಿಟ್ಟು ಚಿತ್ರದ ಕೆಳಗೆ ಹಾಗೆಂದು ಬರೆಯಿರಿ, ಯಾವ ಶೋಧಕ ಎಂಬುದನ್ನೂ ತಿಳಿಸಿ. ಗುಂಪಿನಲ್ಲಿ ಶಾಲಾ ಮಕ್ಕಳಿದ್ದಾರೆ, ಕಂಡದ್ದನ್ನು ನಿಜವೆಂದು ನಂಬುತ್ತಾರೆ. ಚಿತ್ರವನ್ನು ಫೈಲ್ ಆಗಿ ಕಳುಹಿಸಿ, ಇಲ್ಲದಿದ್ದರೆ ಸೂಕ್ಷ್ಮ ವಿವರಗಳು ಅಳಿಸಿಹೋಗುತ್ತವೆ. ಗಾಳಿಮಳೆಗೆ ಕರೆಂಟ್ ಹೋಗುವ ಕಾಲ, ಆಗಾಗ ಸೇವ್ ಮಾಡಿಕೊಳ್ಳಿ.