ಹಕ್ಕಿಗಳ ತಟ್ಟೆ, ಅವ್ವನ ಗಿಡಗಳು

ಲೆಸ್ಟರ್, ಇಂಗ್ಲೆಂಡ್

ಅಪ್ಪ, ಅವ್ವ, ಇಬ್ಬರಿಗೂ ನಮಸ್ಕಾರ.

ನಾವಿಲ್ಲಿ ಆರಾಮ ಇದ್ದೇವೆ. ಅಪ್ಪ ಫೋನಿನಲ್ಲಿ ಹೇಳಿದ್ದು ಮನಸ್ಸಿನಲ್ಲೇ ಕೂತಿದೆ, ಅದಕ್ಕೇ ಈ ಪತ್ರ. ಬೇವಿನ ಮರದ ಕೆಳಗಿನ ನೀರಿನ ತಟ್ಟೆಯಿಂದ ಅಂಗಳವೆಲ್ಲ ಹಿಕ್ಕೆಯಾಗಿದೆ, ಆ್ಯಸಿಡ್ ತಂದು ಪರಸಿ ಕಲ್ಲು ತೊಳೆಯುತ್ತೇನೆ, ಆಗದಿದ್ದರೆ ತಟ್ಟೆಯನ್ನೇ ತೆಗೆಯುತ್ತೇನೆ ಅಂದಿರಲ್ಲ, ಎರಡೂ ಬೇಡ ಅಪ್ಪ. ಕಲಬುರಗಿಯ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ಆಗ ಗುಬ್ಬಿ, ಗೊರವಂಕಗಳು ನೀರಿಗೆ ಎಲ್ಲಿಗೆ ಹೋಗಬೇಕು?

ಮೊದಲು ಆ್ಯಸಿಡ್ ವಿಷಯ. ನಮ್ಮ ಅಂಗಳದ್ದು ಶಹಾಬಾದ್ ಕಲ್ಲು, ಅಂದರೆ ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದೇ ಕಲ್ಲಿಗಾಗಿ. ಆ್ಯಸಿಡ್ ಬಿದ್ದರೆ ಅದು ನೊರೆನೊರೆಯಾಗಿ ಕರಗುತ್ತದೆ. ಮೇಲಿನ ನುಣುಪು ಹೋಗಿ ಬಿಳಿ ಕಲೆ ಉಳಿಯುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. ನಿಂಬೆರಸ, ವಿನೆಗರ್ ಕೂಡ ಸ್ವಲ್ಪ ನಿಧಾನವಾಗಿ ಅದೇ ಕೆಲಸ ಮಾಡುತ್ತವೆ. ತೊಳೆದ ನೀರು ಎಲ್ಲಿಗೆ ಹರಿಯುತ್ತದೆ ಅನ್ನುವುದನ್ನೂ ನೋಡಿ. ನೇರ ಕರಿಬೇವಿನ ಪಾತಿಗೆ, ಅಲ್ವಾ? ಫಿನಾಯಿಲ್, ಬ್ಲೀಚಿಂಗ್ ಪೌಡರ್ ಕಲೆಸಿದ ನೀರು ಬೇರಿಗೆ ಇಳಿದರೆ ಗಿಡ ಸೊರಗುತ್ತದೆ. ಸೋಡಾ, ಉಪ್ಪು ಪದೇಪದೇ ಬಿದ್ದರೆ ಮಣ್ಣು ಸವಳಾಗುತ್ತದೆ. ಕರಿ ಮಣ್ಣಿನ ಹೊಲ ಸವಳಾದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಇನ್ನೊಂದು ಮಾತು, ಬ್ಲೀಚ್ ಮತ್ತು ಆ್ಯಸಿಡ್ ಯಾವತ್ತೂ ಕೂಡಿಸಬೇಡಿ. ವಿಷದ ಗಾಳಿ ಏಳುತ್ತದೆ.

ಹಿಕ್ಕೆಗೆ ನೀರು ಮತ್ತು ತಾಳ್ಮೆ ಸಾಕು. ಹಕ್ಕಿಗೆ ಮೂತ್ರ ಬೇರೆ ಇರುವುದಿಲ್ಲ. ಹಿಕ್ಕೆಯ ಬಿಳಿ ಭಾಗವೇ ಅದು, ಯೂರಿಕ್ ಆ್ಯಸಿಡ್. ನೀರಿನಲ್ಲಿ ಬೇಗ ಕರಗಲ್ಲ, ಒಣಗಿದರೆ ಗಾರೆಯ ಹಾಗೆ ಹಿಡಿಯುತ್ತದೆ. ಹಾಗಾಗಿ ಸಂಜೆ ಹಳೇ ಗೋಣಿಚೀಲ ತೋಯಿಸಿ ಅದರ ಮೇಲೆ ಹಾಸಿ. ಕಾಲು ಗಂಟೆ ಬಿಟ್ಟು ತೆಂಗಿನ ನಾರಿನಿಂದ ಉಜ್ಜಿದರೆ ಪದರ ಪದರವಾಗಿ ಬಿಡುತ್ತದೆ. ಬಕೆಟ್ ನೀರಿಗೆ ನಾಲ್ಕು ಹನಿ ಪಾತ್ರೆ ಸೋಪು ಹಾಕಿದರೆ ಇನ್ನೂ ಸುಲಭ.

ಅವ್ವ, ಇದು ನಿನಗೆ. ಒಣ ಹಿಕ್ಕೆಯನ್ನು ಸುಮ್ನೆ ಕಸಬರಿಗೆ ಹಿಡಿದು ಗುಡಿಸಬೇಡ. ಅದರ ಪುಡಿಯಲ್ಲಿ, ಅದರಲ್ಲೂ ಪಾರಿವಾಳದ್ದರಲ್ಲಿ, ಶ್ವಾಸಕೋಶಕ್ಕೆ ರೋಗ ತರುವ ಫಂಗಸ್, ಬ್ಯಾಕ್ಟೀರಿಯಾ ಇರಬಹುದು. ನಿನಗೆ ಮೊದಲೇ ದಮ್ಮು. ಆ ಕೆಲಸ ತಮ್ಮ ಮಾಡಲಿ, ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು. ಆಮೇಲೆ ಕೈ ಚೆನ್ನಾಗಿ ತೊಳೆಯಲಿ.

ಎಲೆಗಳ ಮೇಲೆ ಬಿದ್ದದ್ದಕ್ಕೆ ಬರೀ ನೀರು ಸಾಕು. ಬೆಳಿಗ್ಗೆ ಬಿಸಿಲು ಏರುವ ಮೊದಲು ಒಂದು ಕೈಯನ್ನು ಎಲೆಯ ಕೆಳಗೆ ಆಸರೆ ಕೊಟ್ಟು, ಒದ್ದೆ ಹತ್ತಿಬಟ್ಟೆ ಇಟ್ಟು ನೆನೆಸಿ ಒರೆಸು. ಉಗುರಿನಿಂದ ಕೆರೆದರೆ ಎಲೆ ಹರಿಯುತ್ತದೆ. ತುಳಸಿ, ಕೊತ್ತಂಬರಿಯನ್ನು ಹಸಿಯಾಗಿ ತಿನ್ನುತ್ತೇವಲ್ಲ, ಅದಕ್ಕೆ ಕೊಳೆಯಾದ ಎಲೆಯನ್ನೇ ಚಿವುಟಿ ಹಾಕು. ಹಿಕ್ಕೆ ಒಳ್ಳೆ ಗೊಬ್ಬರ ಅಂತ ಅಪ್ಪ ಹಸಿಯಾಗಿಯೇ ಮಲ್ಲಿಗೆ ಬುಡಕ್ಕೆ ಹಾಕುವುದೂ ಬೇಡ. ಸಾರಜನಕ ಭಾಳ ಇರುತ್ತದೆ, ಬೇರು ಸುಡುತ್ತದೆ. ತಿಪ್ಪೆಯಲ್ಲಿ ಪೂರ್ತಿ ಕೊಳೆಯಲಿ.

ನೀರಿನ ತಟ್ಟೆಯನ್ನು ದಿನಾ ತೊಳೆಯಿರಿ. ಏಕೆ ಅಂತ ನೀವು ಕೇಳಬಹುದು. ಇಲ್ಲಿ ಗ್ರೀನ್‌ಫಿಂಚ್ ಅಂತ ಹಳದಿ ಅಂಚಿನ ರೆಕ್ಕೆಯ ಹಸಿರು ಹಕ್ಕಿ ಇದೆ. 2005ರಿಂದ ಇವುಗಳಿಗೆ ಗಂಟಲಿನ ರೋಗ ಬಂತು. ಅದನ್ನು ತರುವ ಪರಾವಲಂಬಿ ಜೀವಿ ಪಾರಿವಾಳಗಳಲ್ಲಿ ಹಿಂದಿನಿಂದಲೂ ಇದ್ದದ್ದೇ. ಒಂದು ಹಕ್ಕಿಯ ಜೊಲ್ಲು ಬಿದ್ದ ಕಾಳು, ನೀರಿನಿಂದ ಇನ್ನೊಂದಕ್ಕೆ ಹೋಗುತ್ತದೆ. ರೋಗ ಹತ್ತಿದ ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಕೂರುತ್ತದೆ, ಕೊಕ್ಕಿನ ಸುತ್ತ ಒದ್ದೆ ಕಾಳು ಅಂಟಿರುತ್ತದೆ, ಕಾಳು ಎದುರಿಗಿದ್ದರೂ ನುಂಗಲಾಗುವುದಿಲ್ಲ. ನೋಡಿದರೆ ಕರುಳು ಚುರ್ ಎನ್ನುತ್ತದೆ. 2021ರಲ್ಲಿ ಈ ಹಕ್ಕಿ ಬ್ರಿಟನ್ನಿನ ಕೆಂಪು ಪಟ್ಟಿ, ಅಂದರೆ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿ, ಸೇರಿತು. ಪ್ರೀತಿಯಿಂದ ಕಾಳು ಹಾಕಿದ ಜಾಗದಲ್ಲೇ ರೋಗ ಹರಡಬಹುದು ಎಂಬುದು ನನ್ನನ್ನು ಭಾಳ ಕಾಡುತ್ತದೆ.

ಆದರೆ ಈ ಜೀವಿ ಒಣಗಿದರೆ ಸಾಯುತ್ತದೆ. ಇಲ್ಲಿ ಬಿಸಿಲಿಗೆ ಕಾಯಬೇಕು, ನಿಮ್ಮಲ್ಲಿ ಪುಕ್ಕಟೆ! ಎರಡು ಮಣ್ಣಿನ ತಟ್ಟೆ ಇಡಿ. ಒಂದು ನೆರಳಲ್ಲಿ ನೀರಿಗೆ, ಇನ್ನೊಂದು ತೊಳೆದು ಮಾಳಿಗೆಯ ಮೇಲೆ ಬಿಸಿಲಿಗೆ. ಒಳಗಿನ ಅಂಚನ್ನು ಉಜ್ಜಲೇಬೇಕು, ಡೆಂಗಿ ಸೊಳ್ಳೆಯ ಮೊಟ್ಟೆ ಅಲ್ಲೇ ಅಂಟಿರುತ್ತದೆ. ತೊಳೆದ ನೀರು ಮೋರಿಗೆ ಹೋಗಲಿ, ಗಿಡದ ಬುಡಕ್ಕೆ ಬೇಡ. ಜೋಳ, ಸಜ್ಜೆ, ನವಣೆ ಸಂಜೆಯೊಳಗೆ ಮುಗಿಯುವಷ್ಟೇ ಹಾಕಿ. ಉಳಿದರೆ ಇಲಿ ಬರುತ್ತವೆ.

ತಟ್ಟೆಯನ್ನು ಕೊಂಬೆಯ ಕೆಳಗಿನಿಂದ ಹಿತ್ತಲ ಗೋಡೆಯ ಕಡೆ ಸರಿಸಿದರೆ ಅರ್ಧ ತೊಂದರೆ ಅಲ್ಲಿಗೇ ಕಡಿಮೆಯಾಗುತ್ತದೆ. ಮೇಲೆ ಕೂತ ಹಕ್ಕಿಯ ಹಿಕ್ಕೆ ನೀರಿಗೆ ಬೀಳಲ್ಲ, ಪಾತಿಗಳೂ ದೂರ ಉಳಿಯುತ್ತವೆ. ಜಾಗ ಅಪ್ಪನೇ ನೋಡಿ ಗೊತ್ತುಮಾಡಲಿ. ಬೆಕ್ಕು ಅಡಗುವ ಪೊದೆ ಪಕ್ಕದಲ್ಲಿರಬಾರದು, ಅಷ್ಟೇ.

ತಂಗಿಗೆ ಪರೀಕ್ಷೆ ಮುಗಿದ ಮೇಲೆ ಫೋನ್ ಮಾಡಲು ಹೇಳಿ. ಅವ್ವ, ಮಾತ್ರೆ ಬಿಡಬೇಡ.

ನಿಮ್ಮ ಮಗಳು