ಎಂಜಿನ್ ಬೆಲೆಯಲ್ಲಿ ಏನೇನು ಸೇರಿದೆ?

ಸಂಪಾದಕರಿಗೆ ನಮಸ್ಕಾರ.

ರೈಲು ಎಂಜಿನ್ ಖರೀದಿಯ ಸುದ್ದಿ ಬಂದಾಗಲೆಲ್ಲ ಒಟ್ಟು ಮೊತ್ತವನ್ನು ಎಂಜಿನ್‌ಗಳ ಸಂಖ್ಯೆಯಿಂದ ಭಾಗಿಸಿ 'ಒಂದಕ್ಕೆ ಇಷ್ಟು' ಎಂದು ಬರೆಯುತ್ತಾರೆ. ಈ ಲೆಕ್ಕ ದಾರಿ ತಪ್ಪಿಸುತ್ತದೆ. ಎಷ್ಟೋ ಒಪ್ಪಂದಗಳಲ್ಲಿ ಬಿಡಿಭಾಗ, ತರಬೇತಿ, ವರ್ಷಗಟ್ಟಲೆ ನಿರ್ವಹಣೆಯೂ ಸೇರಿರುತ್ತದೆ.

ಕಣ್ಣಿಗೆ ದೊಡ್ಡದಾಗಿ ಕಾಣುವುದು ಉಕ್ಕಿನ ಒಡಲು. ಆದರೆ ವಿದ್ಯುತ್ ಎಂಜಿನ್‌ನಲ್ಲಿ ಹಣದ ದೊಡ್ಡ ಪಾಲು ಟ್ರಾನ್ಸ್‌ಫಾರ್ಮರ್, ಕನ್ವರ್ಟರ್, ಮೋಟರ್, ಸಾಫ್ಟ್‌ವೇರ್‌ಗೆ ಹೋಗುತ್ತದೆ. ಮೇಲಿನ ತಂತಿಯ ವಿದ್ಯುತ್ತನ್ನು ಕನ್ವರ್ಟರ್ ತ್ರೀ ಫೇಸ್‌ಗೆ ಬದಲಿಸಿ ಮೋಟರಿಗೆ ಕೊಡುತ್ತದೆ. ಬ್ರೇಕ್ ಹಾಕಿದಾಗ ಅದೇ ಮೋಟರ್ ಜನರೇಟರ್ ಆಗಿ ವಿದ್ಯುತ್ತನ್ನು ತಂತಿಗೆ ವಾಪಸ್ ಕಳಿಸುತ್ತದೆ. ಹಳೆಯ ಡಿಸಿ ಮೋಟರಿನ ಹಾಗೆ ಇದರಲ್ಲಿ ಬ್ರಷ್ (ತಿರುಗುವ ಭಾಗಕ್ಕೆ ಉಜ್ಜಿಕೊಂಡೇ ವಿದ್ಯುತ್ ದಾಟಿಸುವ ತುಂಡು) ಸವೆಯುವ ತಾಪತ್ರಯವಿಲ್ಲ. ಎಂಜಿನ್ 30 ವರ್ಷಕ್ಕೂ ಜಾಸ್ತಿ ಓಡಬೇಕಾದದ್ದು. ಅಷ್ಟೂ ವರ್ಷದ ಖರ್ಚು ನೋಡಬೇಕು ಅಲ್ವಾ?

ಎಷ್ಟು ಎಂಜಿನ್‌ಗೆ ಆರ್ಡರ್ ಕೊಟ್ಟರು ಎನ್ನುವುದೂ ಮುಖ್ಯ. ವಿನ್ಯಾಸ, ಪರೀಕ್ಷೆ, ಸುರಕ್ಷತಾ ಅನುಮತಿಯ ಖರ್ಚು 20 ಎಂಜಿನ್‌ಗೆ ಹಂಚಿದರೆ ಭಾರ, 500ಕ್ಕೆ ಹಂಚಿದರೆ ಹಗುರ. ಯುರೋಪಿನಲ್ಲಂತೂ ಜರ್ಮನಿಯ ತಂತಿಯಲ್ಲಿ 15 ಕಿಲೋವೋಲ್ಟ್ ಎಸಿ, ಪೋಲೆಂಡಿನಲ್ಲಿ 3 ಕಿಲೋವೋಲ್ಟ್ ಡಿಸಿ. ಸಿಗ್ನಲ್ ವ್ಯವಸ್ಥೆಯೂ ಬೇರೆ. ಗಡಿ ದಾಟುವ ಎಂಜಿನ್ ಎರಡಕ್ಕೂ ಸಜ್ಜಾಗಿರಬೇಕು. ಸೀಮೆನ್ಸ್‌ನ ವೆಕ್ಟ್ರಾನ್ ಥರದ ಎಂಜಿನ್‌ಗಳನ್ನು ಒಂದೇ ಮೂಲ ವಿನ್ಯಾಸದ ಮೇಲೆ ಬೇರೆಬೇರೆ ರೂಪದಲ್ಲಿ ಕಟ್ಟುವುದು ಇದಕ್ಕೇ.

ಮುಂದೆ ಇಂಥ ಸುದ್ದಿ ಅಚ್ಚಾದಾಗ ಎಷ್ಟು ಎಂಜಿನ್, ಎಷ್ಟು ವರ್ಷದ ನಿರ್ವಹಣೆ ಎಂಬ ಎರಡು ಸಾಲು ಸೇರಿಸಿ. ಸುಮ್ನೆ ಕೋಟಿಗಳ ತಲೆಬರಹ ಸಾಲದು.

– ಒಬ್ಬ ಓದುಗ